ಧ್ವನಿಮುದ್ರಿಕೆಯೂ ಕವಿಯ ಮುದ್ರಿಕೆಯೂ

ಹೈದರಾಬಾದಿನ ಮುಷಾಯಿರಾಗಳಲ್ಲಿ ಗಜಲಿನ ಕೊನೆಯ ದ್ವಿಪದಿಯೊಳಗೆ ಕವಿಯ ತಖಲ್ಲುಸ್ ಕೇಳಿಬಂದಾಗ ಕನ್ನಡಿಗನಿಗೆ ಅದು ಹೊಸತೆನಿಸುವುದಿಲ್ಲ. ವಚನದ ಅಂಕಿತವನ್ನೂ ದಾಸರ ಪದದ ಮುದ್ರಿಕೆಯನ್ನೂ ಬಲ್ಲವನು ಅವನು. ಬಾಯಿಂದ ಬಾಯಿಗೆ ಸಾಗುವ ಕಾವ್ಯದಲ್ಲಿ ಕರ್ತೃವನ್ನು ಕಾಯುವುದು ಈ ಗುರುತೇ. ಅಮೆರಿಕದ ಹಿಪ್‌ಹಾಪ್ ಕಲೆ ಧ್ವನಿಮುದ್ರಿಕೆಯಾದ ಮೊದಲಲ್ಲಿಯೇ ಇಂಥ ಗುರುತೊಂದು ಸಾಕ್ಷಿ ನುಡಿದಿರುವುದು ವಿಚಾರಾರ್ಹವಾಗಿದೆ.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1973ರ ಸುಮಾರಿಗೆ ಹುಟ್ಟಿದ ಈ ಕಲೆ ಕೆಲವು ವರ್ಷ ಓಣಿಯ ಕೂಟಗಳಲ್ಲಿಯೇ ಬೆಳೆಯಿತು. ಗ್ರಾಮಫೋನ್ ತಟ್ಟೆಯ ತಾಳಭಾಗವನ್ನು ಮತ್ತೆ ಮತ್ತೆ ತಿರುಗಿಸುವವನೊಬ್ಬ. ಅದರ ಮೇಲೆ ಪ್ರಾಸಬದ್ಧವಾಗಿ ನುಡಿಯುವವನೊಬ್ಬ. ಉತ್ತರ ಕರ್ನಾಟಕದ ಕಲ್ಗಿ-ತುರಾಯಿ ಪಂಗಡಗಳ ಸವಾಲು-ಜವಾಬಿನಂತೆ ಅಲ್ಲಿಯೂ ಎದುರಾಳಿಯನ್ನು ಮಾತಿನಿಂದ ಮಣಿಸುವ ಪಂಥವಿತ್ತು. ಇದು ಮಾರಾಟಕ್ಕೆ ಒದಗುವ ಸರಕೆಂದು ಕಂಡುಕೊಂಡವಳು ಸ್ವತಃ ಗಾಯಕಿಯಾಗಿದ್ದ ಸಿಲ್ವಿಯಾ ರಾಬಿನ್‌ಸನ್. ಪತಿ ಜೋ ರಾಬಿನ್‌ಸನ್‌ನೊಡನೆ ಆಕೆ 1979ರಲ್ಲಿ ನ್ಯೂಜರ್ಸಿಯ ಎಂಗಲ್‌ವುಡ್ಡಿನಲ್ಲಿ ಶುಗರ್ ಹಿಲ್ ರೆಕಾರ್ಡ್ಸ್ ಸಂಸ್ಥೆಯನ್ನು ಕಟ್ಟಿದಳು.

ಅದೇ ವರ್ಷ ಹೊರಬಂದ ‘ರ‍್ಯಾಪರ್ಸ್ ಡಿಲೈಟ್’ ಅಮೆರಿಕದ ಮೊದಲ ನಲವತ್ತು ಜನಪ್ರಿಯ ಗೀತಗಳ ಸಾಲಿಗೇರಿತು. ಹಾಡಿದ ಮೂವರು ಕೂಟಗಳಲ್ಲಿ ಹೆಸರಾದವರಲ್ಲ; ಮುದ್ರಣಕ್ಕೆಂದೇ ಕೂಡಿಸಿದವರು. ಅದರ ವಾದ್ಯಧಾಟಿ ‘ಷಿಕ್’ ತಂಡದ ‘ಗುಡ್ ಟೈಮ್ಸ್’ ಗೀತದ್ದು. ಆ ತಂಡದ ರಚನಕಾರರಿಗೆ ತರುವಾಯ ಕರ್ತೃತ್ವದಲ್ಲಿ ಪಾಲು ದೊರೆಯಿತು. ನುಡಿಯ ಋಣ ಮಾತ್ರ ತೀರಲಿಲ್ಲ. ಮೂವರಲ್ಲೊಬ್ಬನಾದ ಬಿಗ್ ಬ್ಯಾಂಕ್ ಹ್ಯಾಂಕ್ ನುಡಿದುದು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜನ ಪದ್ಯಗಳನ್ನು. ಎರವಲಿನ ಅವಸರದಲ್ಲಿ ಕ್ಯಾಜನ ‘ಕ್ಯಾಸನೋವಾ’ ಎಂಬ ಬಿರುದನ್ನೂ ಅಕ್ಷರ ಬಿಡಿಸಿ ತನ್ನದೇ ಎಂಬಂತೆ ಹೇಳಿಬಿಟ್ಟ! ಅಂಕಿತವನ್ನು ಅಳಿಸಲು ಮರೆತ ಕೃತಿಚೌರ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

1982ರ ‘ದಿ ಮೆಸೇಜ್’ ಗೀತದಲ್ಲಿ ಸ್ಥಿತಿ ತಿರುಗುಮುರುಗು. ತಟ್ಟೆಯ ಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್‌ನ ಹೆಸರು. ಮಾತಾದರೋ ಬಹುಮಟ್ಟಿಗೆ ಡ್ಯೂಕ್ ಬೂಟಿ, ಮೆಲ್ಲಿ ಮೆಲ್ ಇವರದು. ಆದರೂ ನಗರದ ಬಡತನವನ್ನು ಕುಣಿತದ ಕಲೆ ಹಾಡಬಲ್ಲುದೆಂದು, ತಂಡದವರು ಹಿಂಜರಿದಾಗಲೂ, ಪಟ್ಟುಹಿಡಿದವಳು ಸಿಲ್ವಿಯಾಳೇ. ಆಕೆಯ ಕಿವಿ ದೊಡ್ಡದು. ಸಂಸ್ಥೆಯ ನ್ಯಾಯ ಅಷ್ಟು ದೊಡ್ಡದಲ್ಲ. ಈ ಎರಡರಲ್ಲೊಂದನ್ನು ಮರೆಮಾಡಿ ಬರೆದ ಚರಿತ್ರೆ ಅರೆಚರಿತ್ರೆಯಾದೀತು.

ಸಂಸ್ಥೆ 1986ರಲ್ಲಿ ಮುಚ್ಚಿತು. ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ‘ದಿ ಮೆಸೇಜ್’ 2002ರ ಆಯ್ಕೆಯಲ್ಲಿಯೂ ‘ರ‍್ಯಾಪರ್ಸ್ ಡಿಲೈಟ್’ 2011ರದರಲ್ಲಿಯೂ ಸೇರಿದುವು. ಕ್ಯಾಜನ ಬಿರುದು ಹ್ಯಾಂಕನ ಬಾಯಲ್ಲಿಯೇ ಅಲ್ಲಿ ಉಳಿದಿದೆ.