ನಕ್ಷೆಗಾರನ ಶೋಕಿ

ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು ನಿಜಾಮರ ಆಸ್ಥಾನ ಛಾಯಾಗ್ರಾಹಕರಾದ ಲಾಲಾ ದೀನ್ ದಯಾಳ್ ಓದಿದ್ದು ರೂರ್ಕಿಯಲ್ಲಿ, ಎಂಜಿನಿಯರಿಂಗು. ಹೊಟ್ಟೆಪಾಡಿಗೆ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ. ಕ್ಯಾಮೆರಾ ಅಂಟಿಕೊಂಡದ್ದು 1874ರ ಸುಮಾರಿಗೆ, ಮೂವತ್ತರ ಆಸುಪಾಸಿನಲ್ಲಿ, ಬರೀ ಶೋಕಿಗೆ.

ಆಗಿನ ಶೋಕಿ ಸಲೀಸಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಸುರಿದು, ಅಂಚಿನವರೆಗೂ ಸಮನಾಗಿ ಹರಿಯುವಂತೆ ವಾಲಿಸಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಪಸೆ ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು. ಬೆರಳೆಲ್ಲ ಕಪ್ಪು. ಬಯಲಿಗೆ ಹೊರಟರೆ ಕತ್ತಲೆಕೋಣೆಯ ಡೇರೆಯೂ ಜೊತೆಗೇ. 1880ರ ದಶಕದಲ್ಲಿ ಒಣಫಲಕ ಬಳಕೆಗೆ ಬಂದಮೇಲೆ ಹವ್ಯಾಸಿಗಳು ಉಸಿರಾಡಿದರು.

ದಯಾಳರ ರಾಜರ ಭಾವಚಿತ್ರಗಳಿಗೇ ಹೆಸರು ಜಾಸ್ತಿ. ನನಗೆ ಮೆಚ್ಚುಗೆ ಕಟ್ಟಡದ ಚಿತ್ರಗಳು. ಕಂಬಗಳು ದಾರ ಹಿಡಿದಂತೆ ನೆಟ್ಟಗೆ. ನೆರಳಿನೊಳಗಿನ ಕೆತ್ತನೆಯೂ ಮಸುಕಾಗಿಲ್ಲ. ಹಳೆಯ ಕಸುಬು ಕೈಬಿಟ್ಟಿರಲಿಲ್ಲ ಅನ್ನಿಸುತ್ತದೆ.

1892ರಲ್ಲಿ ಪರದೆಯ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಕ್ಯಾಮೆರಾ ಹಿಂದೆ ನಿಂತದ್ದೂ ಹೆಂಗಸೇ. ವ್ಯಾಪಾರದ ಬುದ್ಧಿಯೂ ಚುರುಕು, ನೋಡಿ! ಆರನೇ ನಿಜಾಮರು ರಾಜಾ ಎಂಬ ಬಿರುದನ್ನೂ ಕೊಟ್ಟರು. ಇಂದೋರಿನ ಇಲಾಖೆಯಲ್ಲೇ ಉಳಿದಿದ್ದರೆ ಪಿಂಚಣಿ ಸಿಗುತ್ತಿತ್ತೇನೋ.