ಕೇರ್ಲಿಯನ್ ದಾರಿಯ ಹೇರು

ಆಲ್ಬಿಯನ್ ಆನ್‌ಲೈನ್ ಆಟದಲ್ಲಿ ಕೇರ್ಲಿಯನ್ ಎಂಬ ಪಟ್ಟಣವಿದೆ. ಆಟಗಾರರು ತಯಾರಿಸಿದ ಕತ್ತಿ, ಕವಚಗಳನ್ನು ಅಲ್ಲಿನ ಕಾಳಸಂತೆ ಕೊಳ್ಳುತ್ತದೆ. ಹಾಗೆ ಕೊಂಡ ಸರಕೇ ಮುಂದೆ ಎಲ್ಲೋ ರಾಕ್ಷಸರನ್ನು ಕೊಂದವರ ಕೈಗೆ ಸಿಗುತ್ತದೆ. ಬೇಟೆ ಜೋರಾಗಿ ಸರಕು ಕಡಿಮೆಯಾದರೆ ದರ ಏರುತ್ತದೆ. ಆದರೆ ಪಟ್ಟಣದ ಸುತ್ತಲೂ ಕೆಂಪು ವಲಯ. ದಾರಿಯಲ್ಲಿ ಬೇರೆ ಆಟಗಾರರು ಕೊಂದರೆ ಮೈಮೇಲಿದ್ದದ್ದೂ ಚೀಲದಲ್ಲಿದ್ದದ್ದೂ ಕೊಂದವರ ಪಾಲು. ಅದರಲ್ಲೂ ಒಂದಷ್ಟು ಯಾರಿಗೂ ದಕ್ಕದೆ ನಾಶವಾಗುತ್ತದೆ. ಇದೆಲ್ಲ ಗೊತ್ತಿದ್ದೂ ನಿಧಾನ ನಡೆಯುವ ಎತ್ತಿನ ಮೇಲೆ ಸರಕು ಹೇರಿಕೊಂಡು ಹೊರಡುವ ಆಟಗಾರರಿದ್ದಾರೆ. ಈ ವಾರದ ಮಾತು ಅವರದು.

ಬಹುಮಂದಿ ಕೂಡಿ ಆಡುವ ಆಟಗಳಲ್ಲಿ ಕತ್ತಿ ಬೀಸುವವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಆಟದ ಗುಣ ಗೊತ್ತಾಗುವುದು ಕಸುಬುಗಳಲ್ಲಿ. ಅದಿರು ಅಗೆಯುವವ, ಚರ್ಮ ಸುಲಿಯುವವ, ಕಮ್ಮಾರ, ಸಾಗಣೆಯವ, ವ್ಯಾಪಾರಿ, ದಾರಿ ಅಡ್ಡಗಟ್ಟುವವ: ಇವರಲ್ಲಿ ಯಾರು ಏನನ್ನು ಪಣಕ್ಕಿಡುತ್ತಾರೆ, ಗೆದ್ದರೆ ಎಷ್ಟು ಪಡೆಯುತ್ತಾರೆ? ನಷ್ಟದ ಬಾಯಿಗೆ ನಿಂತವನಿಗೆ ಹೆಚ್ಚು ಸಿಗಬೇಕು, ಆ ನಷ್ಟ ಎಷ್ಟೆಂದು ಹೊರಡುವ ಮೊದಲೇ ಅವನಿಗೆ ಕಾಣಬೇಕು. ಈ ಎರಡೂ ಇಲ್ಲದ ಆಟ ಎಷ್ಟೇ ಚೆಂದ ಕಂಡರೂ ನಾನು ಒಪ್ಪುವುದಿಲ್ಲ.

ಬಿ.ಜಿ. ಕೆರೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಜ, ಗೊಬ್ಬರಕ್ಕೆ ಸಾಲ ತಂದು ಶೇಂಗಾ ಬಿತ್ತಿದವನು, ಹೂ ಕಟ್ಟಿ ಕಾಯಿ ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಪೂರ್ತಿ ಕಳೆದುಕೊಳ್ಳುತ್ತಾನೆ. ಚಳ್ಳಕೆರೆಯ ಎಣ್ಣೆ ಗಿರಣಿಗೆ ಕೊಳ್ಳುವವನು ಕಾಯಿ ಕಣ್ಣಮುಂದೆ ಬಂದ ಮೇಲೆ, ಅವತ್ತಿನ ದರ ನೋಡಿ ಕೊಳ್ಳುತ್ತಾನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಇಸಕೊಂಡು ಕೂಲಿಗೆ ನೇಯುವವನಿಗೆ ಸೀರೆ ಮಾರಾಟವಾಗದ ಭಯ ನೇರವಾಗಿ ತಟ್ಟುವುದಿಲ್ಲ, ಸೀರೆ ಒಳ್ಳೆಯ ಬೆಲೆಗೆ ಹೋದರೆ ಲಾಭವೂ ತಟ್ಟುವುದಿಲ್ಲ. ಕುರಿ ಮೇಯಿಸುವವನ ಬಂಡವಾಳವಾದರೋ ಕಾಲಿನ ಮೇಲೆ ನಡೆಯುತ್ತದೆ. ಬರ ಬಂದರೆ ಮಂದೆಯನ್ನು ನೀರಾವರಿ ಕಡೆಗೆ ಹೊಡೆದುಕೊಂಡು ಹೋಗಬಹುದು, ರೋಗ ಬಂದರೆ ಮಂದೆಯೇ ಹೋಗಬಹುದು. ಈ ನಾಲ್ವರಲ್ಲಿ ಅತಿ ದೊಡ್ಡ ಅಪಾಯ ಹೊತ್ತವನು ಒಣಭೂಮಿಯ ರೈತ. ಅದಕ್ಕೆ ತಕ್ಕ ಬೆಲೆಯನ್ನು ಮಾರುಕಟ್ಟೆ ಅವನಿಗೆ ಕೊಟ್ಟಿಲ್ಲ. ಆಟ ಕಟ್ಟುವವರಿಗೆ ತಮ್ಮ ಆಟದೊಳಗೆ ಆ ತಪ್ಪನ್ನು ತಿದ್ದುವ ಅಧಿಕಾರವಿದೆ. ನಾನು ಇವರ ಲೆಕ್ಕವನ್ನು ಇಷ್ಟು ಗಂಭೀರವಾಗಿ ನೋಡುವುದು ಅದಕ್ಕೇ.

1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರ ಕಾವಲಿನ ಗಡಿ ದಾಟಿದರೆ ಗಣಿಯವನಿಗೆ ದಿಕ್ಕಿರಲಿಲ್ಲ. ಗುದ್ದಲಿ ಹಿಡಿದವನನ್ನು ಕೊಲ್ಲುವುದು ತೀರಾ ಸುಲಭದ ಸಂಪಾದನೆಯಾಗಿತ್ತು. ದೂರು ಹೆಚ್ಚಿ, 2000ದಲ್ಲಿ ಕಂಪನಿ ಪ್ರಪಂಚವನ್ನೇ ಎರಡಾಗಿಸಿತು. ಒಂದು ಭಾಗವಾದ ಫೆಲುಕ್ಕಾ ಹಳೆಯ ರೀತಿಯಲ್ಲೇ ಉಳಿಯಿತು. ಇನ್ನೊಂದು ಭಾಗವಾದ ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮೇಲೆ ಕೈಮಾಡುವಂತಿರಲಿಲ್ಲ. ಎರಡೂ ಕಡೆ ಅದೇ ಬೆಟ್ಟ, ಅದೇ ಅದಿರು. ಅಷ್ಟೇ ಗಳಿಕೆಗೆ ಯಾರು ಜೀವ ಪಣಕ್ಕಿಡುತ್ತಾರೆ? ಜನ ಟ್ರಾಮೆಲ್‌ಗೆ ನಡೆದರು. ಮುಂದೆ ಫೆಲುಕ್ಕಾದಲ್ಲಿ ಅಗೆದವರಿಗೆ ಇಮ್ಮಡಿ ಸಿಗುವಂತೆ ಮಾಡಬೇಕಾಯಿತು.

ಐಸ್‌ಲ್ಯಾಂಡಿನ ಸಿಸಿಪಿ 2003ರಲ್ಲಿ ತಂದ ಈವ್ ಆನ್‌ಲೈನ್ ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಆಟ. ಅದರ ಸುರಕ್ಷಿತ ಆಕಾಶದಲ್ಲೂ ಕಾನ್ಕಾರ್ಡ್ ಎಂಬ ಪೊಲೀಸ್ ಪಡೆ ಕೊಲೆಯನ್ನು ತಡೆಯುವುದಿಲ್ಲ. ದಾಳಿ ಮಾಡಿದ ಅಂತರಿಕ್ಷ ಹಡಗನ್ನು ಆಮೇಲೆ ಸುಡುತ್ತದೆ. ಹಾಗಾಗಿ ದರೋಡೆಯವರೂ ಲೆಕ್ಕ ಹಾಕಬೇಕು: ಎದುರಿನವನ ಸರಕಿನ ಬೆಲೆ, ತಾವು ಕಳೆದುಕೊಳ್ಳುವ ಹಡಗುಗಳ ಬೆಲೆಗಿಂತ ಹೆಚ್ಚಿದ್ದರಷ್ಟೇ ದಾಳಿ. ಈ ಲೆಕ್ಕ ಬಲ್ಲ ಸಾಗಣೆಯವನು ಅದಕ್ಕಿಂತ ಕಡಿಮೆ ಹೇರುತ್ತಾನೆ. ಬೇರೆಯವರ ಸರಕು ಒಯ್ಯುವಾಗ ಅವನು ಮೊದಲೇ ಠೇವಣಿ ಇಡುವ ಕರಾರೂ ಇದೆ. ಸರಕು ಹೋದರೆ ಠೇವಣಿ ಮಾಲೀಕನಿಗೆ, ಮುಟ್ಟಿದರೆ ಠೇವಣಿಯೂ ಬಾಡಿಗೆಯೂ ಸಾಗಿಸಿದವನಿಗೆ. ನಷ್ಟ ಯಾರ ತಲೆಗೆ ಎಂಬುದರಲ್ಲಿ ಗೊಂದಲವೇ ಇಲ್ಲ.

ಈವ್‌ಗೆ ಕಂಪ್ಯೂಟರ್ ಬೇಕು. ನಮ್ಮ ಕಡೆಯ ಹುಡುಗರ ಕೈಯಲ್ಲಿರುವುದು ಮೊಬೈಲು. ಬರ್ಲಿನ್ನಿನ ಸ್ಯಾಂಡ್‌ಬಾಕ್ಸ್ ಇಂಟರಾಕ್ಟಿವ್ 2017ರಲ್ಲಿ ಹೊರತಂದ ಆಲ್ಬಿಯನ್ 2021ರಲ್ಲಿ ಮೊಬೈಲಿಗೆ ಬಂತು, 2023ರಲ್ಲಿ ಏಷ್ಯಾಕ್ಕೆಂದೇ ಸರ್ವರ್ ತೆರೆಯಿತು. ಅದರಲ್ಲಿ ವಲಯಗಳಿಗೆ ಬಣ್ಣವಿದೆ. ನೀಲಿ, ಹಳದಿಯಲ್ಲಿ ಸರಕು ಕಳೆದುಕೊಳ್ಳುವ ಭಯವಿಲ್ಲ, ಸಿಗುವುದೂ ಕಡಿಮೆ ದರ್ಜೆಯದು. ಕೆಂಪು, ಕಪ್ಪಿನಲ್ಲಿ ಬಿದ್ದರೆ ಎಲ್ಲ ಹೋಗುತ್ತದೆ, ಒಳ್ಳೆಯ ಅದಿರು ಸಿಗುವುದೂ ಅಲ್ಲೇ. ಕಲಿತ ಕಸುಬು ಮಾತ್ರ ಸತ್ತರೂ ಉಳಿಯುತ್ತದೆ. ಇದು ಬಹಳ ಸರಿಯಾದ ನಿರ್ಧಾರ. ಸತ್ತವನ ಕವಚದಲ್ಲಿ ಒಂದಷ್ಟು ನಾಶವಾಗುವುದರಿಂದ ಕಮ್ಮಾರನಿಗೆ ಕೆಲಸ ತಪ್ಪುವುದಿಲ್ಲ.

ನನ್ನ ತಕರಾರು ಇರುವುದೂ ಆ ಕಮ್ಮಾರನ ಕಸುಬಿನಲ್ಲೇ. ಪ್ರೀಮಿಯಂ ಚಂದಾ ಇರುವವರಿಗೆ ದಿನವೂ ಫೋಕಸ್ ಎಂಬ ಅಂಕ ಜಮೆಯಾಗುತ್ತದೆ. ಅದನ್ನು ಬಳಸಿ ತಯಾರಿಸಿದರೆ ಕಚ್ಚಾಮಾಲಿನ ಹೆಚ್ಚಿನ ಪಾಲು ವಾಪಸು ಬರುತ್ತದೆ. ಊರೊಳಗೆ ಕೂತ ಇಬ್ಬರಲ್ಲಿ ಒಬ್ಬ ಹೆಚ್ಚು ಗಳಿಸುವುದು ಅವನು ಹೊತ್ತ ಅಪಾಯದಿಂದಲ್ಲ, ಚಂದಾದಿಂದ. ಪೈಪೋಟಿ ಜೋರಿರುವ ಸರಕಿನಲ್ಲಿ ಫೋಕಸ್ ಇಲ್ಲದವನಿಗೆ ಲಾಭವೇ ಉಳಿಯದಂತಾಗುತ್ತದೆ. ಆ ಅಂಕವನ್ನು ಕಪ್ಪು ವಲಯದಿಂದ ಅದಿರು ಹೊತ್ತು ತಂದವನಿಗೂ ಕೊಡಬೇಕೆಂಬುದು ನನ್ನ ಆಗ್ರಹ.

ಹೊಸದಾಗಿ ಶುರುಮಾಡುವವರು ಕಮ್ಮಾರಿಕೆಗೆ ಕೈಹಾಕುವ ಬದಲು ಅಗೆಯುವುದನ್ನು ಕಲಿಯಿರಿ. ಹಳದಿಯಲ್ಲಿ ಕೈ ಪಳಗಲಿ. ಕೆಂಪಿಗೆ ಕಾಲಿಡುವ ದಿನ, ಕಳೆದುಹೋದರೂ ಮರುದಿನ ಮತ್ತೆ ಕೊಳ್ಳಬಲ್ಲಷ್ಟು ಅಗ್ಗದ ಕವಚವನ್ನೇ ತೊಡಿ. ಕೇರ್ಲಿಯನ್‌ಗೆ ಹೊರಟರೆ ಇರುವ ಸರಕನ್ನೆಲ್ಲ ಒಂದೇ ಎತ್ತಿನ ಮೇಲೆ ಹೇರಬೇಡಿ. ಎರಡು ಮೂರು ಸಲ ಹೋಗಿ, ಗೆಳೆಯನೊಬ್ಬ ಒಂದು ವಲಯ ಮುಂದೆ ಹೋಗಿ ದಾರಿ ನೋಡಿಕೊಳ್ಳಲಿ. ಬಂದ ಲಾಭದಲ್ಲಿ ಅವನಿಗೂ ಪಾಲು ಕೊಡಿ.