ಕಣಕ್ಕೊಂದು ಕಾಲ: ಒಂದು ಪರಿಭಾಷಾ ವಿಮರ್ಶೆ

ಶಾಸ್ತ್ರದಲ್ಲಿ ಹೆಸರೇ ಮೊದಲ ಟೀಕೆ. ವಸ್ತುವಿನ ಲಕ್ಷಣವನ್ನು ಸೂಚಿಸುವ ಹೆಸರು ಓದುಗನನ್ನು ಅರ್ಧದಾರಿ ನಡೆಸುತ್ತದೆ. ಲಕ್ಷಣವನ್ನು ಮರೆಸುವ ಹೆಸರು ಹೊಸ್ತಿಲಲ್ಲಿಯೇ ದಾರಿ ತಪ್ಪಿಸುತ್ತದೆ. ವಚನಗಳ ಪಾರಿಭಾಷಿಕ ಪದಗಳಿಗೆ ಟೀಕೆ ಬರೆದ ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಆಧುನಿಕ ವಿಜ್ಞಾನದ ಪದಗಳನ್ನು ಕನ್ನಡಕ್ಕೆ ತರುವಾಗಲೂ ಅದೇ ಎಚ್ಚರ ಅವಶ್ಯ. ಇದಕ್ಕೆ ನಿದರ್ಶನವಾಗಿ ಸಾಪೇಕ್ಷತಾ ಕ್ವಾಂಟಮ್ ಸಿದ್ಧಾಂತದ ‘ಮಲ್ಟಿ-ಟೈಮ್ ವೇವ್ ಫಂಕ್ಷನ್’ ಎಂಬ ಪರಿಕಲ್ಪನೆಯನ್ನು ಇಲ್ಲಿ ವಿವೇಚಿಸಬಹುದು. ಇದನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ‘ಬಹುಕಾಲ ತರಂಗ ಫಲನ’ವೆಂದಾಗುತ್ತದೆ. ಆದರೆ ಕನ್ನಡದಲ್ಲಿ ಬಹುಕಾಲವೆಂದರೆ ದೀರ್ಘಕಾಲ. ‘ಬಹುಕಾಲ ಬಾಳಿದನು’ ಎಂದರೆ ಅನೇಕ ಕಾಲಗಳಲ್ಲಿ ಬಾಳಿದನೆಂದು ಯಾರೂ ತಿಳಿಯರು. ‘ಅನೇಕಕಾಲ’ವೆಂದು ತಿದ್ದಿದರೂ ದೋಷ ಹೋಗದು, ಜಗತ್ತಿನಲ್ಲಿ ಹಲವು ಬಗೆಯ ಕಾಲಗಳು ಹರಿಯುತ್ತಿವೆಯೆಂಬ ಭ್ರಾಂತಿ ಹುಟ್ಟುತ್ತದೆ. ಆದ್ದರಿಂದ ಮೊದಲು ವಸ್ತುವನ್ನು ನೋಡಿ, ಅನಂತರ ಹೆಸರನ್ನು ಆರಿಸುವುದು ಯುಕ್ತ.

ಫಲನವೆಂದರೆ ಕೊಟ್ಟ ಸಂಖ್ಯೆಗಳಿಗೆ ನಿಶ್ಚಿತವಾದ ಒಂದು ಬೆಲೆಯನ್ನು ಗೊತ್ತುಮಾಡುವ ಸಂಬಂಧ. 1926ರಲ್ಲಿ ಶ್ರೋಡಿಂಗರ್ ನಿರೂಪಿಸಿದ ತರಂಗ ಫಲನದಲ್ಲಿ ಪ್ರತಿಯೊಂದು ಕಣದ ಸ್ಥಾನಕ್ಕೆ ಮೂರು ಸಂಖ್ಯೆಗಳು ಬೇಕು. ಕಾಲಕ್ಕೆ ಮಾತ್ರ ಎಲ್ಲ ಕಣಗಳಿಗೂ ಸೇರಿ ಒಂದೇ ಸಂಖ್ಯೆ. ಎರಡು ಕಣಗಳಿದ್ದರೆ ಆರು ಮತ್ತು ಒಂದು, ಒಟ್ಟು ಏಳು. ಕಣಗಳು ಎಲ್ಲೆಲ್ಲಿ ದೊರೆಯುವ ಸಂಭವವೆಷ್ಟು ಎಂಬುದನ್ನು ಈ ಫಲನದಿಂದ ತಿಳಿಯಬೇಕೆಂದು ಅದೇ ವರ್ಷ ಮ್ಯಾಕ್ಸ್ ಬಾರ್ನ್ ಅರ್ಥ ಮಾಡಿದರು. ಈ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ.

ಎರಡು ಕಣಗಳಿಗೆ ಎರಡು ತರಂಗಗಳಿರುತ್ತವೆಂದು ಭಾವಿಸಬಾರದು. ಫಲನವು ಸಾಮಾನ್ಯವಾಗಿ ಅವಿಭಕ್ತ. ನಮ್ಮ ಹಳ್ಳಿಖೇಡದ ನೆರೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಆ ಪಂಥದ ಧರ್ಮಶಾಸ್ತ್ರದಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಆದರೆ ವಿಭಾಗವಾಗುವವರೆಗೆ ‘ಇಷ್ಟು ನನ್ನದು’ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ತರಂಗ ಫಲನದಲ್ಲಿ ಕಣಗಳ ಸಂಬಂಧವೂ ಬಹುಮಟ್ಟಿಗೆ ಹೀಗೆಯೇ. ಎಲ್ಲರೂ ಹಕ್ಕುದಾರರು, ಆಸ್ತಿ ಒಂದೇ.

ತೊಡಕು ಹುಟ್ಟುವುದು ಆ ಒಂದೇ ಕಾಲದಿಂದ. ದೂರದೂರದಲ್ಲಿರುವ ಎರಡು ಕಣಗಳಿಗೆ ಸಮಾನವಾದ ‘ಈಗ’ ಎಂಬುದೊಂದಿದೆಯೆಂದು ಅದು ಮೊದಲೇ ಒಪ್ಪಿಕೊಂಡಿದೆ. 1905ರಲ್ಲಿ ಐನ್‌ಸ್ಟೈನ್ ತೋರಿಸಿದಂತೆ, ಒಬ್ಬ ವೀಕ್ಷಕನಿಗೆ ಏಕಕಾಲದಲ್ಲಿ ನಡೆದ ಎರಡು ಘಟನೆಗಳು, ಅವನಿಗೆ ಸಾಪೇಕ್ಷವಾಗಿ ಚಲಿಸುತ್ತಿರುವ ಇನ್ನೊಬ್ಬನಿಗೆ ಹಿಂದುಮುಂದಾಗಬಹುದು. ಇದನ್ನು ವಿವರಿಸಲು ಬೇರೆಬೇರೆ ಊರುಗಳ ಗಡಿಯಾರಗಳನ್ನೋ ಬೇರೆಬೇರೆ ಪಂಚಾಂಗಗಳನ್ನೋ ಉದಾಹರಿಸಬೇಕೆನಿಸಬಹುದು. ಆ ಹೋಲಿಕೆ ಸಲ್ಲದು. ನಿಜಾಮರ ಆಡಳಿತದಲ್ಲಿ ನಮ್ಮ ಕಡೆಯ ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷವನ್ನು ಬರೆಯುತ್ತಿದ್ದರು; ಅದಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಅಲ್ಲಿ ದಿನ ಒಂದೇ, ಹೆಸರು ಎರಡು. ಸಾಪೇಕ್ಷತೆಯಲ್ಲಿ ‘ಒಂದೇ ದಿನ’ವೆಂಬ ಆ ಒಪ್ಪಂದವೇ ಕುಸಿಯುತ್ತದೆ. ಸಂಖ್ಯೆಯನ್ನು ಕೂಡಿಸಿ ಕಳೆದು ಅದನ್ನು ಸರಿಪಡಿಸಲಾಗದು.

1932ರಲ್ಲಿ ಡಿರಾಕ್ ಸೂಚಿಸಿದ ಪರಿಹಾರ ಸರಳವಾದುದು: ಪ್ರತಿಯೊಂದು ಕಣಕ್ಕೂ ಅದರ ಸ್ಥಾನದೊಡನೆ ಅದರದೇ ಕಾಲವನ್ನೂ ಕೊಡಬೇಕು. ಆಗ ಎರಡು ಕಣಗಳ ಫಲನಕ್ಕೆ ಏಳರ ಬದಲು ಎಂಟು ಸಂಖ್ಯೆಗಳು. ಎರಡೂ ಕಾಲಗಳನ್ನು ಸಮವೆಂದು ಇಟ್ಟರೆ ಹಳೆಯ ಫಲನ ಮರಳಿ ದೊರೆಯುತ್ತದೆ. ಅದೇ ವರ್ಷ ಡಿರಾಕ್, ಫಾಕ್ ಮತ್ತು ಪೊಡೊಲ್‌ಸ್ಕಿ ಮೂವರೂ ಕೂಡಿ ಈ ವಿಧಾನವನ್ನು ವಿದ್ಯುತ್ಕಾಂತ ಕ್ಷೇತ್ರದ ಕ್ವಾಂಟಮ್ ಸಿದ್ಧಾಂತಕ್ಕೆ ಅನ್ವಯಿಸಿದರು. ಇಲ್ಲಿ ಕಾಲದ ಜಾತಿಗಳು ಹೆಚ್ಚಾಗಲಿಲ್ಲವೆಂಬುದನ್ನು ಗಮನಿಸಬೇಕು. ಕಾಲವೂ ಸ್ಥಾನದಂತೆಯೇ ಕಣಕಣಕ್ಕೆ ಹೇಳಬೇಕಾದ ವಿವರವಾಯಿತು, ಅಷ್ಟೆ.

ಈ ಸ್ವಾತಂತ್ರ್ಯದೊಡನೆ ಒಂದು ಕರ್ತವ್ಯವೂ ಬಂದಿತು. ಕಾಲಗಳೆಷ್ಟೋ ಸಮೀಕರಣಗಳೂ ಅಷ್ಟು. ಮೊದಲು ಒಂದನೆಯ ಕಣದ ಕಾಲವನ್ನು ಮುಂದೆ ಸರಿಸಿ ಬಳಿಕ ಎರಡನೆಯದನ್ನು ಸರಿಸಿದರೂ, ಈ ಕ್ರಮವನ್ನು ತಿರುಗಿಸಿದರೂ ದೊರೆಯುವ ಫಲ ಒಂದೇ ಆಗಿರಬೇಕು. ಇದನ್ನು ಅವಿರೋಧ ನಿಯಮವೆನ್ನೋಣ. 1934ರಲ್ಲಿ ಫೆಲಿಕ್ಸ್ ಬ್ಲಾಕ್ ಇದನ್ನು ಪರಿಶೀಲಿಸಿ, ಒಂದರಿಂದ ಇನ್ನೊಂದಕ್ಕೆ ಬೆಳಕು ಸಹ ತಲುಪಲಾರದಷ್ಟು ಅಗಲಿರುವ ಬಿಂದುಗಳಿಗೆ ಈ ನಿಯಮ ಹೊಂದುತ್ತದೆಂದು ತೋರಿಸಿದರು.

ನಿಯಮ ಎಷ್ಟು ಕಠಿಣವೆಂಬುದು ಬಹಳ ತಡವಾಗಿ ಸ್ಪಷ್ಟವಾಯಿತು. ಕಣಗಳ ಪರಸ್ಪರ ಕ್ರಿಯೆಯನ್ನು ಸಾಮಾನ್ಯ ರೀತಿಯ ವಿಭವಗಳಿಂದ ನಿರೂಪಿಸಿದರೆ ಅವಿರೋಧ ನಿಯಮ ಮುರಿಯುತ್ತದೆಂದು 2014ರಲ್ಲಿ ಪೆಟ್ರಾಟ್ ಮತ್ತು ಟುಮುಲ್ಕಾ ಸಾಧಿಸಿದರು. ಕಣಗಳು ಹುಟ್ಟಿ ಅಳಿಯುವುದರ ಮೂಲಕ ಕ್ರಿಯೆ ನಡೆಯುವ ಮಾದರಿಯಲ್ಲಿ ಅದು ಉಳಿಯುವುದೆಂದೂ ತೋರಿಸಿದರು. ಇದರ ಹಳೆಯ ದಾಯಾದಿಯೊಂದುಂಟು. ಸಾಪೇಕ್ಷತೆಯ ನಿಯಮಗಳನ್ನು ಪೂರ್ಣವಾಗಿ ವಿಧಿಸಿದರೆ, ಹ್ಯಾಮಿಲ್ಟನ್ ಪದ್ಧತಿಯಲ್ಲಿ ಕಣಗಳ ನಡುವೆ ಕ್ರಿಯೆಯೇ ಉಳಿಯದೆಂದು 1963ರಲ್ಲಿ ಕರಿ, ಜೋರ್ಡನ್ ಮತ್ತು ಸುದರ್ಶನ್ ತೋರಿಸಿದ್ದರು. ಆ ತೊಡಕಿನಿಂದ ಪಾರಾಗುವ ಬಗೆಯನ್ನು 1981ರಲ್ಲಿ ಸುದರ್ಶನ್, ಬೆಂಗಳೂರಿನ ಮುಕುಂದ ಹಾಗೂ ಗೋಲ್ಡ್‌ಬರ್ಗ್ ಚರ್ಚಿಸಿದರು. ಈ ಶಾಸ್ತ್ರ ನಮ್ಮ ನಾಡಿಗೆ ಹೊರಗಿನದಲ್ಲ. ನಮ್ಮ ಭಾಷೆಯಲ್ಲಿ ಮಾತ್ರ ಅದಕ್ಕಿನ್ನೂ ಇಂಬು ಸಾಲದು.

ಭಾಷೆಯಿಂದ ಇದು ಅಸಾಧ್ಯವೆನ್ನುವವರು ಜಪಾನಿನ ಟೊಮೊನಾಗರನ್ನು ನೋಡಬೇಕು. ಡಿರಾಕರ ವಿಚಾರವನ್ನು ಕಣಗಳಿಂದ ಕ್ಷೇತ್ರಕ್ಕೆ ವಿಸ್ತರಿಸಿ, ಆಕಾಶದ ಒಂದೊಂದು ಬಿಂದುವಿಗೂ ಅದರದೇ ಕಾಲವನ್ನು ಕೊಟ್ಟ ಸಿದ್ಧಾಂತ ಅವರದು. ಯುದ್ಧದ ನಡುವೆ 1943ರಲ್ಲಿ ಅದನ್ನು ಅವರು ಪ್ರಕಟಿಸಿದ್ದು ಜಪಾನಿ ಭಾಷೆಯಲ್ಲಿ. ಇಂಗ್ಲಿಷ್ ರೂಪ ಬಂದದ್ದು 1946ರಲ್ಲಿ. ಆ ಭಾಷೆಯಲ್ಲಿ ಅದಕ್ಕೊಂದು ಹೆಸರೂ ನಿಂತಿತು. 1965ರ ನೊಬೆಲ್ ಪಾರಿತೋಷಕದಲ್ಲಿ ಶ್ವಿಂಗರ್ ಮತ್ತು ಫೈನ್‌ಮನ್‌ರೊಡನೆ ಟೊಮೊನಾಗರೂ ಪಾಲುದಾರರಾದರು.

ಇನ್ನು ಹೆಸರಿನ ವಿಚಾರ. ‘ಕಣಕಾಲ’ವೆಂದು ಚಿಕ್ಕದಾಗಿ ಹೇಳೋಣವೆಂದರೆ ಕಿವಿ ಕಣಕಾಲಿನತ್ತ ಹೊರಳುತ್ತದೆ. ‘ಪ್ರತಿಕಣಕಾಲಿಕ ತರಂಗ ಫಲನ’ವೆಂಬುದು ಉದ್ದವಾದರೂ ನಿರ್ದುಷ್ಟವೆಂದು ತೋರುತ್ತದೆ. ಕಾಲ ಯಾರದೆಂಬುದನ್ನು ಅದು ಹೇಳುತ್ತದೆ. ಫಲನವು ಒಂದೇ ಎಂಬುದನ್ನು ಏಕವಚನದಲ್ಲಿ ಉಳಿಸುತ್ತದೆ. ಟೊಮೊನಾಗರ ಸಿದ್ಧಾಂತಕ್ಕೆ ‘ಪ್ರತಿಬಿಂದುಕಾಲಿಕ’ವೆಂಬ ಹೆಸರನ್ನೂ ತಾನಾಗಿ ಒದಗಿಸುತ್ತದೆ. ಒಳ್ಳೆಯ ಪರಿಭಾಷೆಯ ಪರೀಕ್ಷೆ ಇದೇ: ಅದರಿಂದ ಮುಂದಿನ ಪದ ಹುಟ್ಟಬೇಕು. ವಿದ್ವಾಂಸರು ಇದಕ್ಕಿಂತ ಉತ್ತಮವಾದ ಪದವನ್ನು ಸೂಚಿಸಿದರೆ ಸ್ವಾಗತವೇ. ಕನ್ನಡದಲ್ಲಿಯೇ ಓದಿ ಬಂದ ಗಡಿನಾಡಿನ ವಿದ್ಯಾರ್ಥಿ ಈ ವಿಷಯವನ್ನು ಮೊದಲು ಭೇಟಿಯಾಗುವುದು ಹೆಸರಿನ ಮೂಲಕವೇ. ಆ ಹೆಸರು ಅವನಿಗೆ ನಿಜವನ್ನು ಹೇಳಬೇಕು.